ನೇತ್ರಾಣಿ ಮೇಲೆ ಹತ್ತು ಜನ ಇಳಿದರೆ ಹಕ್ಕಿಗಳಿಗೆ ಏನಾಗುತ್ತದೆ?

ಪ್ರಶ್ನೆ: ಸರ್, ನಮಸ್ಕಾರ. ನಾವು ಸಾಗರದ ಕಡೆಯವರು, ಅಡಿಕೆ ತೋಟ ಇದೆ. ಡಿಸೆಂಬರ್ ರಜೆಯಲ್ಲಿ ಮನೆಮಂದಿಯೆಲ್ಲ ಮುರುಡೇಶ್ವರಕ್ಕೆ ಹೋಗಿದ್ದೆವು. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ತನಕ ಕರೆದುಕೊಂಡು ಹೋದರು. ನೀರಿಗೆ ಇಳಿಯುವವರು ಇಳಿದರು, ಆದರೆ ದ್ವೀಪದ ಮೇಲೆ ಕಾಲಿಡಲು ಬಿಡಲಿಲ್ಲ. ಹಕ್ಕಿಗಳಿಗೆ ತೊಂದರೆ ಆಗುತ್ತೆ ಅಂದರು. ಲಕ್ಷದ್ವೀಪದಲ್ಲಿ ಪಿಟ್ಟಿ ಅನ್ನೋ ದ್ವೀಪವನ್ನು ಪೂರ್ತಿ ಹಕ್ಕಿಗಳಿಗೇ ಬಿಟ್ಟಿದ್ದಾರಂತೆ. ನಮ್ಮ ಮಂಡಗದ್ದೆಯಲ್ಲಿ ರಸ್ತೆ ಪಕ್ಕದಲ್ಲೇ ಹಕ್ಕಿಗಳು ಗೂಡು ಕಟ್ಟುತ್ತವೆ. ಬಸ್ಸು, ಲಾರಿ, ಹಾರ್ನ್, ಫೋಟೊ ತೆಗೆಯುವವರು ಎಲ್ಲ ಇದ್ದಾರೆ, ಹಕ್ಕಿಗಳಿಗೆ ಏನೂ ಆಗಿಲ್ಲ. ಹಾಗಿರುವಾಗ ಹತ್ತು ಜನ ಒಂದು ಗಂಟೆ ಇಳಿದು ನೋಡಿಕೊಂಡು ಬಂದರೆ ಏನು ನಷ್ಟ? ಮನುಷ್ಯರಿಗೆ ಇದರಿಂದ ಏನು ಲಾಭ? ಇನ್ನೊಂದು ವಿಷಯ. ಹೋದ ಮಳೆಗಾಲದಲ್ಲಿ ಗಾಳಿ ಜೋರಾಗಿದ್ದ ದಿನ ತೋಟದಲ್ಲಿ ಒಂದು ಹಕ್ಕಿ ಬಿದ್ದಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಹಣೆಯೂ ಬಿಳಿ, ಬಾಲ ಕವಲು. ಕಡಲಹಕ್ಕಿ ಇರಬೇಕು, ನೀರು ಸಿಕ್ಕರೆ ಬದುಕುತ್ತೆ ಎಂದು ಕೆರೆಗೆ ಬಿಟ್ಟೆವು. ನೆನೆದು ತೊಪ್ಪೆಯಾಗಿ ಸತ್ತೇ ಹೋಯಿತು. ಅದು ಯಾವ ಹಕ್ಕಿ, ಯಾಕೆ ಹಾಗಾಯಿತು?

ಉತ್ತರ: ಮೊದಲು ಮಂಡಗದ್ದೆ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಸುಮಾರು 30 ಕಿಲೋಮೀಟರ್ ಹೋದರೆ ತುಂಗೆಯ ನಡುವೆ ಒಂದು ಎಕರೆಗಿಂತ ಸ್ವಲ್ಪ ದೊಡ್ಡದಾದ ಗಡ್ಡೆ ಇದೆ, ಅಷ್ಟೇ. ಮಳೆ ಹಿಡಿದು ಹೊಳೆ ಏರಿದಾಗ ಅಲ್ಲಿನ ಮರಗಳ ಬುಡ ನೀರಿನಲ್ಲಿ ನಿಲ್ಲುತ್ತದೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಬಂದು ಗೂಡು ಕಟ್ಟುವುದು ಸರಿಯಾಗಿ ಆಗಲೇ. ಅವು ರಸ್ತೆಯ ಸದ್ದಿಗೆ ಒಗ್ಗಿಕೊಂಡಿವೆ ಅನ್ನುವುದು ನಿಜ. ಲಾರಿ ಎಷ್ಟೇ ಹಾರ್ನ್ ಹೊಡೆದರೂ ರಸ್ತೆ ಬಿಟ್ಟು ತಮ್ಮ ಹತ್ತಿರ ಬರುವುದಿಲ್ಲ ಎಂದು ಅವಕ್ಕೆ ಚೆನ್ನಾಗಿ ಗೊತ್ತು. ಜನ ಗೋಪುರ ಹತ್ತಿ ನೋಡುತ್ತಾರೆ, ಇಳಿದು ಹೋಗುತ್ತಾರೆ. ನಡುವೆ ಹೊಳೆ ಹರಿಯುವ ತನಕ ಅವಕ್ಕೆ ಧೈರ್ಯ.

ಈಗ ಅದೇ ಜನ ತೆಪ್ಪ ಹತ್ತಿ ಆ ಗಡ್ಡೆಗೇ ಇಳಿದು, ಮರದ ಕೆಳಗೆ ಓಡಾಡಿದರು ಎಂದುಕೊಳ್ಳಿ. ಇಡೀ ಗುಂಪು ಒಟ್ಟಿಗೆ ಮೇಲೇಳುತ್ತದೆ. ಸಣ್ಣ ಮರಿಗಳು ಗಾಬರಿಯಲ್ಲಿ ಗೂಡಿನ ಅಂಚಿಗೆ ಬಂದು ಕೆಳಗೆ ಬೀಳುತ್ತವೆ. ಕಾಗೆಗಳಂತೂ ಇದಕ್ಕೇ ಕಾಯುತ್ತಿರುತ್ತವೆ, ತಾಯಿ ಇಲ್ಲದ ಗೂಡು ಕಂಡರೆ ಒಂದೇ ಏಟಿಗೆ ಮೊಟ್ಟೆ ಎತ್ತಿಕೊಂಡು ಹೋಗುತ್ತವೆ. ಹಾಗಾಗಿ ಮಂಡಗದ್ದೆ ನಿಮ್ಮ ವಾದಕ್ಕೆ ಸಾಕ್ಷಿ ಅಲ್ಲ ಎಂದು ನಾನು ಹೇಳುತ್ತೇನೆ. ಅಲ್ಲಿ ಹಕ್ಕಿ ಉಳಿದಿರುವುದೇ ನಾವು ಯಾರೂ ಅಲ್ಲಿ ಇಳಿಯದೇ ಇರುವುದರಿಂದ. ನೇತ್ರಾಣಿ ದೋಣಿಯವರು ನಿಮಗೆ ಹೇಳಿದ್ದು ಇದನ್ನೇ.

ಇನ್ನೊಂದು ವ್ಯತ್ಯಾಸ ಇದೆ. ಇದು ದೊಡ್ಡದು. ಮಂಡಗದ್ದೆಯ ಹಕ್ಕಿಗಳು ಮರದ ಮೇಲೆ ಗೂಡು ಕಟ್ಟುತ್ತವೆ. ಕಡಲಹಕ್ಕಿಗಳಲ್ಲಿ ಜಾಸ್ತಿ ಜಾತಿಗಳು ನೆಲದ ಮೇಲೆ ಮೊಟ್ಟೆ ಇಡುತ್ತವೆ. ಬರೀ ನೆಲ, ಬರೀ ಬಂಡೆ, ಬರೀ ಮರಳು. ಇದು ಹೇಗಿರುತ್ತದೆ ಎಂದು ನೋಡಲು ನೀವು ಲಕ್ಷದ್ವೀಪಕ್ಕೆ ಹೋಗಬೇಕಾಗಿಲ್ಲ, ಲಕ್ಕವಳ್ಳಿಗೆ ಹೋದರೆ ಸಾಕು.

ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿಯುತ್ತಾ ಬಂದಂತೆ ಅಲ್ಲಲ್ಲಿ ಕಲ್ಲು ದಿಬ್ಬಗಳು ಮೇಲೆ ಬರುತ್ತವೆ. ಅದರ ಮೇಲೆ ಪ್ರತಿ ವರ್ಷ ನದಿ ರೀವಗಳು ಗುಂಪು ಗುಂಪಾಗಿ ಬಂದು ಮೊಟ್ಟೆ ಇಡುತ್ತವೆ. ಬೂದು ಬೆನ್ನು, ಕರಿ ಟೋಪಿ, ಹಳದಿ ಕೊಕ್ಕು, ಉದ್ದ ಕವಲು ಬಾಲದ ಹಕ್ಕಿ. ದೇಶದ ಬೇರೆ ಹೊಳೆಗಳಲ್ಲಿ ಇದರ ಸಂಖ್ಯೆ ಇಳಿಯುತ್ತಾ ಬಂದಿರುವುದರಿಂದ ನಮ್ಮ ಭದ್ರೆಯ ಈ ದಿಬ್ಬಗಳು ಈಗ ಅದಕ್ಕೆ ಬಹಳ ದೊಡ್ಡ ಆಸರೆ. ಅಲ್ಲಿ ಗೂಡು ಅನ್ನುವಂಥದ್ದೇನೂ ಇರುವುದಿಲ್ಲ. ಕಡ್ಡಿ ಇಲ್ಲ, ಹುಲ್ಲು ಇಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಮೊಟ್ಟೆಯ ಬಣ್ಣ ಮಣ್ಣಿನದ್ದೇ, ಮೇಲೆ ಕಂದು, ಬೂದು ಚುಕ್ಕೆಗಳು. ದೋಣಿಯಿಂದ ದುರ್ಬೀನು ಹಿಡಿದು ನೋಡುವಾಗಲೂ, ತಾಯಿ ಎದ್ದು ಪಕ್ಕಕ್ಕೆ ಸರಿದ ಜಾಗವನ್ನೇ ಕಣ್ಣು ಮಿಟುಕಿಸದೆ ನೋಡಿದರೆ ಮಾತ್ರ ಅದು ಕಲ್ಲಲ್ಲ, ಮೊಟ್ಟೆ ಎಂದು ಗೊತ್ತಾಗುತ್ತದೆ. ಒಂದು ಕ್ಷಣ ಕಣ್ಣು ತೆಗೆದರೆ ಮತ್ತೆ ಸಿಗುವುದಿಲ್ಲ. ಮರಿಯೂ ಹಾಗೆಯೇ. ಅಪಾಯ ಕಂಡ ಕೂಡಲೇ ಓಡುವುದಿಲ್ಲ, ನೆಲಕ್ಕೆ ಅಂಟಿಕೊಂಡು ಕದಲದೆ ಮಲಗುತ್ತದೆ. ಹದ್ದಿನಿಂದ ತಪ್ಪಿಸಿಕೊಳ್ಳಲು ಅದು ಒಳ್ಳೆಯ ಉಪಾಯ. ಚಪ್ಪಲಿ ಕಾಲಿನಿಂದ ತಪ್ಪಿಸಿಕೊಳ್ಳಲು ಅಲ್ಲ.

ಆ ಬಿಸಿಲಿನಲ್ಲಿ ತಾಯಿ ಮೊಟ್ಟೆಯ ಮೇಲೆ ಕೂರುವುದು ಬರೀ ಕಾವು ಕೊಡಲು ಎಂದು ನಾವು ಅಂದುಕೊಳ್ಳುತ್ತೇವೆ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅದು ಮಾಡುತ್ತಿರುವುದು ನೆರಳು ಕೊಡುವ ಕೆಲಸ. ಆಗಾಗ ಎದ್ದು ಹೋಗಿ ನೀರಿಗೆ ಹೊಟ್ಟೆ ತಾಗಿಸಿ, ಒದ್ದೆ ಗರಿಯಲ್ಲೇ ವಾಪಸ್ ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಮೊಟ್ಟೆ ತಣ್ಣಗಾಗಲಿ ಎಂದು. ಮೊಟ್ಟೆಯೊಳಗಿನ ಮರಿಗೆ 40 ಡಿಗ್ರಿ ದಾಟಿದರೆ ಅಪಾಯ ಶುರು. ಬಿಸಿಲಿಗೆ ಕಾದ ಬಂಡೆ, ಮರಳು ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರುತ್ತವೆ. ಈಗ ನಿಮ್ಮ ಹತ್ತು ಜನ, ಒಂದು ಗಂಟೆ ಲೆಕ್ಕ ಹಾಕಿ. ಅವರು ಯಾರೂ ಮೊಟ್ಟೆ ಮುಟ್ಟುವುದಿಲ್ಲ, ಗಲಾಟೆಯನ್ನೂ ಮಾಡುವುದಿಲ್ಲ, ಎಲ್ಲರೂ ಒಳ್ಳೆಯವರೇ ಎಂದುಕೊಳ್ಳೋಣ. ಅವರು ದಿಬ್ಬದ ಮೇಲೆ ನಿಂತಿರುವಷ್ಟು ಹೊತ್ತು ತಾಯಿ ಹಕ್ಕಿಗಳು ಮೇಲೆ ಕಿರುಚಿಕೊಂಡು ಸುತ್ತುತ್ತಿರುತ್ತವೆ, ಕೆಳಗೆ ಮೊಟ್ಟೆ ಬೇಯುತ್ತಿರುತ್ತದೆ. ದೋಣಿ ಹೊರಟ ಮೇಲೆ ಹಕ್ಕಿ ಬಂದು ಮತ್ತೆ ಅದೇ ಮೊಟ್ಟೆ ಮೇಲೆ ಕೂರುತ್ತದೆ. ನೋಡಿದವರಿಗೆ ಎಲ್ಲ ಸರಿ ಇದೆ ಎಂದೇ ಅನಿಸುತ್ತದೆ. ಒಳಗೆ ಮರಿ ಸತ್ತಿರುವುದು ಯಾರಿಗೂ ಕಾಣುವುದಿಲ್ಲ, ಹಕ್ಕಿಗೂ ಗೊತ್ತಾಗುವುದಿಲ್ಲ. ನಷ್ಟ ಕಣ್ಣಿಗೆ ಕಾಣದ ಕಾರಣಕ್ಕೇ "ಏನೂ ಆಗಲಿಲ್ಲವಲ್ಲ" ಎಂಬ ಮಾತು ಬರುವುದು.

ಈಗ ನಿಮ್ಮ ತೋಟದಲ್ಲಿ ಬಿದ್ದ ಹಕ್ಕಿ. ನೀವು ಹೇಳಿದ ಗುರುತು ನೋಡಿದರೆ ಅದು ಸೂಟಿ ಟರ್ನ್ ಇರಬೇಕು, ರೀವಗಳ ಜಾತಿಯದ್ದೇ, ಆದರೆ ನಡುಗಡಲಿನದು. ಬ್ರೈಡಲ್ಡ್ ಟರ್ನ್ ಎಂಬ ಇನ್ನೊಂದೂ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಅದರ ಬೆನ್ನು ಅಷ್ಟು ಕಪ್ಪಲ್ಲ, ಕಂದು ಬೂದು, ಹಣೆಯ ಬಿಳಿ ಪಟ್ಟೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ. ಸೂಟಿ ಟರ್ನ್‌ಗೆ ಆ ಬಿಳಿ ಅಗಲವಾಗಿದ್ದು ಕಣ್ಣಿನ ಹತ್ತಿರವೇ ನಿಲ್ಲುತ್ತದೆ. ಮುಂಗಾರಿನ ಬಿರುಗಾಳಿಗೆ ಸಿಕ್ಕಿ ಇಂಥ ಹಕ್ಕಿಗಳು ಕರಾವಳಿಗೆ ಬಂದು ಬೀಳುವುದು ಮಾಮೂಲು. ಗಾಳಿ ಜೋರಿದ್ದರೆ ಒಳನಾಡಿಗೂ ಬರುತ್ತವೆ.

ಕೆರೆಗೆ ಬಿಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕಡಲಹಕ್ಕಿ ಅಂದ ಮೇಲೆ ನೀರಲ್ಲಿ ತೇಲುತ್ತೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಸೂಟಿ ಟರ್ನ್‌ನ ಗರಿಗೆ ಬಾತುಕೋಳಿಗೆ ಇರುವ ಹಾಗೆ ನೀರು ತಡೆಯುವ ಎಣ್ಣೆ ಅಂಶ ಸಾಕಷ್ಟು ಇರುವುದಿಲ್ಲ. ನೀರಿನ ಮೇಲೆ ಕೂತರೆ ನೆನೆದು ಮುಳುಗುತ್ತದೆ. ಜೀವನವೆಲ್ಲ ಸಮುದ್ರದ ಮೇಲೆ ಕಳೆಯುವ ಹಕ್ಕಿ, ಸಮುದ್ರದ ಮೇಲೆ ಕೂರಲಾರದು! ಹಾರುತ್ತಲೇ ಇರುತ್ತದೆ. ಮೀನನ್ನೂ ಹಾರುತ್ತಲೇ ನೀರಿನ ಮೇಲಿಂದ ಎತ್ತಿಕೊಳ್ಳುತ್ತದೆ. ಮರಿ ಒಮ್ಮೆ ರೆಕ್ಕೆ ಬಲಿತು ದ್ವೀಪ ಬಿಟ್ಟಿತೆಂದರೆ ಮೂರ್ನಾಲ್ಕು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ, ನೆಲ ಮುಟ್ಟುವುದೇ ಅಪರೂಪ. ಮತ್ತೆ ನೆಲಕ್ಕೆ ಇಳಿಯುವುದು ತಾನೂ ಮೊಟ್ಟೆ ಇಡುವ ವಯಸ್ಸು ಬಂದಾಗ.

ಮುಂದೆ ಇಂಥ ಹಕ್ಕಿ ಸಿಕ್ಕರೆ ಏನು ಮಾಡಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ರಟ್ಟಿನ ಪೆಟ್ಟಿಗೆಗೆ ಗಾಳಿಯಾಡಲು ತೂತು ಮಾಡಿ, ಒಣ ಬಟ್ಟೆ ಹಾಸಿ ಅದರಲ್ಲಿಡಿ. ಕತ್ತಲಾಗಿ, ಬೆಚ್ಚಗೆ, ಸದ್ದಿಲ್ಲದ ಕಡೆ ಇಡಿ, ನಾಯಿ ಬೆಕ್ಕು ಹತ್ತಿರ ಬರದ ಹಾಗೆ. ಬಾಯಿ ತೆರೆಸಿ ನೀರು, ಅನ್ನ, ಮೀನು ತುರುಕಬೇಡಿ, ನೀರು ಶ್ವಾಸಕ್ಕೆ ಹೋದರೆ ಅಲ್ಲೇ ಮುಗಿಯುತ್ತದೆ. ಹತ್ತಿರದ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಎಷ್ಟೋ ಹಕ್ಕಿಗಳು ಬರೀ ಸುಸ್ತಾಗಿ ಬಿದ್ದಿರುತ್ತವೆ. ಮಕ್ಕಳೆಲ್ಲ ಸುತ್ತ ನಿಂತು ನೋಡುವುದು, ಕೈಯಲ್ಲಿ ಹಿಡಿದು ಫೋಟೊ ತೆಗೆಯುವುದು ಅವಕ್ಕೆ ಹಸಿವೆಗಿಂತ ದೊಡ್ಡ ಕಷ್ಟ.

ಆ ಹಕ್ಕಿಯ ಬದುಕು ಗೊತ್ತಾದರೆ ಪಿಟ್ಟಿಯಂಥ ಜಾಗದ ಬೆಲೆ ತಾನಾಗಿ ಗೊತ್ತಾಗುತ್ತದೆ. ಅರಬ್ಬೀ ಸಮುದ್ರ ಎಷ್ಟೇ ದೊಡ್ಡದಿರಲಿ, ಅದರ ಮೇಲೆ ಮೊಟ್ಟೆ ಇಡಲು ಆಗುವುದಿಲ್ಲ. ನೆಲ ಬೇಕೇ ಬೇಕು. ಆ ನೆಲ ಮೀನು ಸಿಗುವ ಕಡಲಿನ ನಡುವೆ ಇರಬೇಕು, ಇಲಿ, ಬೆಕ್ಕು, ನಾಯಿ, ಮನುಷ್ಯ ಇರಬಾರದು. ಇಷ್ಟೆಲ್ಲ ಕೂಡಿ ಬರುವ ಜಾಗ ಎಷ್ಟು ಇರಲು ಸಾಧ್ಯ ಹೇಳಿ? ಪಿಟ್ಟಿ ಇರುವುದು ಕವರತ್ತಿಯಿಂದ ಸುಮಾರು 24 ಕಿಲೋಮೀಟರ್ ದೂರದಲ್ಲಿ. ಒಂದು ಹೆಕ್ಟೇರ್‌ಗಿಂತ ಸ್ವಲ್ಪ ಜಾಸ್ತಿ, ಅಂದರೆ ಮೂರು ಎಕರೆ. ಮರ ಇಲ್ಲ, ಗಿಡ ಇಲ್ಲ, ಕುಡಿಯುವ ನೀರಿಲ್ಲ, ಬರೀ ಮರಳು ಮತ್ತು ಹವಳದ ಚೂರು. ನಿಮ್ಮ ತೋಟವೇ ಅದಕ್ಕಿಂತ ದೊಡ್ಡದಿರಬಹುದು. ಸೂಟಿ ಟರ್ನ್, ದೊಡ್ಡ ಜುಟ್ಟಿನ ರೀವ, ನಾಡ್ಡಿ ಎಂಬ ಕಂದು ಬಣ್ಣದ ಹಕ್ಕಿ, ಇವೆಲ್ಲ ಆ ಮೂರು ಎಕರೆಯಲ್ಲೇ ಮೊಟ್ಟೆ ಇಡುತ್ತವೆ. 2020ರಲ್ಲಿ ಪಿಟ್ಟಿ ಮತ್ತು ಸುತ್ತಲಿನ ಕಡಲು ಸೇರಿಸಿ 62 ಚದರ ಕಿಲೋಮೀಟರ್ ಜಾಗವನ್ನು ಲಕ್ಷದ್ವೀಪದ ಸಂಸದರಾಗಿದ್ದ ಪಿ. ಎಂ. ಸಯೀದ್ ಹೆಸರಿನಲ್ಲಿ ಕಡಲಹಕ್ಕಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಕ್ಕೆ ಮಾಡಿರುವುದೂ ಇದೇ ಬಗೆಯ ಮೀಸಲು. ಸ್ಥಳೀಯರ ಜೊತೆ ಮಾತಾಡಿ ಮಾಡಬೇಕು, ನೋಡಿಕೊಳ್ಳುವ ಸಮಿತಿಯಲ್ಲೂ ಅವರು ಇರಬೇಕು ಎಂದು ಕಾನೂನೇ ಹೇಳುತ್ತದೆ.

ಸೂಟಿ ಟರ್ನ್ ಇಡುವುದು ಒಂದೇ ಮೊಟ್ಟೆ. ಸುಮಾರು ಒಂದು ತಿಂಗಳು ಕಾವು, ಆಮೇಲೆ ಮರಿ ಹಾರಲು ಮತ್ತೆ ಎರಡು ತಿಂಗಳು. ಮನೆಯ ಕೋಳಿ ಒಂದು ಮೊಟ್ಟೆ ಕಳೆದುಕೊಂಡರೆ ನಾಳೆ ಇನ್ನೊಂದು ಇಡುತ್ತದೆ, ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಈ ಹಕ್ಕಿಗಳು 30 ವರ್ಷಕ್ಕೂ ಜಾಸ್ತಿ ಬದುಕುತ್ತವೆ, ನಿಧಾನವಾಗಿ ಮರಿ ಮಾಡುತ್ತವೆ. ಹಾಗಾಗಿ ಮೋಸ ಏನಾಗುತ್ತದೆ ಅಂದರೆ, ಒಂದು ದ್ವೀಪದಲ್ಲಿ ಹತ್ತು ವರ್ಷ ಒಂದೂ ಮರಿ ಉಳಿಯದಿದ್ದರೂ ದೊಡ್ಡ ಹಕ್ಕಿಗಳು ಬರುತ್ತಲೇ ಇರುತ್ತವೆ, ಆಕಾಶ ತುಂಬಿಕೊಂಡೇ ಕಾಣುತ್ತದೆ. ಹಳೆಯವು ಸಾಯತೊಡಗಿದ ಮೇಲೆ ಇದ್ದಕ್ಕಿದ್ದಂತೆ ಖಾಲಿ.

ಇಂಥದ್ದು ಆಗಿರುವುದಕ್ಕೆ ಉದಾಹರಣೆ ಬೇಕಾದಷ್ಟಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಎದುರು ಫ್ಯಾರಲನ್ ಎಂಬ ಬಂಡೆ ದ್ವೀಪಗಳಿವೆ. 1849ರ ಸುಮಾರಿಗೆ ಚಿನ್ನದ ಆಸೆಗೆ ಊರು ತುಂಬಿತು, ಕೋಳಿಮೊಟ್ಟೆ ಸಾಲದೆ ಹೋಯಿತು. ಜನ ಈ ದ್ವೀಪಗಳಿಗೆ ಹೋಗಿ ಮರ್ ಎಂಬ ಕಡಲಹಕ್ಕಿಯ ಮೊಟ್ಟೆ ತಂದು ಮಾರತೊಡಗಿದರು, ವರ್ಷಕ್ಕೆ ಲಕ್ಷಗಟ್ಟಲೆ. ಅದಕ್ಕೊಂದು ಕಂಪನಿಯೇ ಇತ್ತು. 1863ರಲ್ಲಿ ಮೊಟ್ಟೆ ತೆಗೆಯುವ ಅಧಿಕಾರ ಯಾರದ್ದು ಎಂದು ಬಂದೂಕು ಹಿಡಿದು ಹೊಡೆದಾಡಿ ಜೀವವೇ ಹೋಯಿತು. ಐವತ್ತು ಚಿಲ್ಲರೆ ವರ್ಷಗಳಲ್ಲಿ ಲಕ್ಷಗಳಲ್ಲಿದ್ದ ಹಕ್ಕಿ ಸಾವಿರಗಳಿಗೆ ಇಳಿಯಿತು. 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅಲ್ಲಿನ ಕೆಲವು ದ್ವೀಪಗಳನ್ನು ಹಕ್ಕಿಗಳಿಗೆ ಮೀಸಲಿಟ್ಟರು, ದೊಡ್ಡ ದ್ವೀಪ ಸೇರಿದ್ದು 1969ರಲ್ಲಿ. ಈಗಲೂ ಅಲ್ಲಿ ಪ್ರವಾಸಿಗಳಿಗೆ ಇಳಿಯಲು ಬಿಡುವುದಿಲ್ಲ, ದೋಣಿಯಿಂದಲೇ ನೋಡಬೇಕು.

ಮೊಟ್ಟೆ ಕದಿಯುವುದನ್ನಾದರೂ ನಿಲ್ಲಿಸಬಹುದು. ನನಗೆ ಜಾಸ್ತಿ ಭಯ ಇಲಿಯದ್ದು. ಇಳಿಯಲು ಬಿಟ್ಟರೆ ದೋಣಿ ದಡಕ್ಕೆ ಕಟ್ಟಬೇಕು, ದೋಣಿ ಕಟ್ಟಿದರೆ ಒಂದಲ್ಲ ಒಂದು ದಿನ ಸಾಮಾನಿನ ಜೊತೆ ಇಲಿ ಇಳಿಯುತ್ತದೆ. ಗಬ್ಬದ ಹೆಣ್ಣಿಲಿ ಒಂದೇ ಸಾಕು. ಜಗತ್ತಿನ ದ್ವೀಪ ಸಮೂಹಗಳಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಕಡೆ ಈಗಾಗಲೇ ಇಲಿ ಸೇರಿಕೊಂಡಿದೆ, ಎಲ್ಲವೂ ಹಡಗು ದೋಣಿಗಳಿಂದ ಬಂದದ್ದು. ನೆಲದ ಮೇಲಿನ ಮೊಟ್ಟೆ, ಕದಲದೆ ಮಲಗಿದ ಮರಿ, ಇಲಿಗೆ ಇನ್ನೇನು ಬೇಕು? ಇಂಗ್ಲೆಂಡಿನ ಲಂಡಿ ಎಂಬ ದ್ವೀಪದಲ್ಲಿ ಹೀಗೇ ಆಗಿತ್ತು. ಬಿಲದಲ್ಲಿ ಒಂದೇ ಮೊಟ್ಟೆ ಇಡುವ ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಹಕ್ಕಿ 2001ರಲ್ಲಿ ಅಲ್ಲಿ 300 ಜೋಡಿಯಷ್ಟು ಮಾತ್ರ ಉಳಿದಿತ್ತು. 2002ರಿಂದ ಎರಡು ಚಳಿಗಾಲ ಪಟ್ಟುಹಿಡಿದು ಇಲಿಗಳನ್ನು ಪೂರ್ತಿ ತೆಗೆದರು. 2017-18ರ ಎಣಿಕೆಯಲ್ಲಿ 5,504 ಜೋಡಿ! ಬೇರೇನೂ ಮಾಡಬೇಕಾಗಿರಲಿಲ್ಲ, ಇಲಿ ಹೋದರೆ ಸಾಕಿತ್ತು. ಈ ಸುದ್ದಿ ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಹಾಳಾದದ್ದು ಸರಿಹೋಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ಲೆಕ್ಕ ಸಿಗುವುದು ಕಡಿಮೆ. ಆದರೆ ಅದಕ್ಕೆ ಎಷ್ಟು ದುಡ್ಡು, ಎಷ್ಟು ಜನರ ಶ್ರಮ ಬೇಕಾಯಿತು ಎಂದು ಯೋಚಿಸಿದರೆ, ಇಲಿ ಬರದ ಹಾಗೆ ನೋಡಿಕೊಳ್ಳುವುದೇ ಸುಲಭ ಅಲ್ವಾ?

ಮನುಷ್ಯರಿಗೇನು ಲಾಭ ಎಂದು ಕೇಳಿದ್ದೀರಿ. ಹಕ್ಕಿಗೆ ಬದುಕುವ ಹಕ್ಕಿದೆ ಎಂಬ ಒಂದೇ ಮಾತು ನನಗೆ ಸಾಕು, ಆದರೆ ನೀವು ಕೇಳಿದ್ದಕ್ಕೆ ನೇರ ಉತ್ತರವೂ ಇದೆ.

ನಿಮ್ಮ ಕಡೆ ಸೊಪ್ಪಿನ ಬೆಟ್ಟ ಇಲ್ಲದೆ ಅಡಿಕೆ ತೋಟ ನಡೆಯುವುದಿಲ್ಲ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ. ಹವಳದ ದಿಬ್ಬಗಳಿಗೆ ಆ ಸೊಪ್ಪು ಹೊರುವ ಕೆಲಸ ಮಾಡುವುದು ಕಡಲಹಕ್ಕಿ. ಹವಳ ಇರುವ ಕಡೆ ನೀರು ತಿಳಿಯಾಗಿರುತ್ತದೆ, ಅಂದರೆ ಅದರಲ್ಲಿ ಸತ್ವ ಕಡಿಮೆ. ಹಕ್ಕಿ ನೂರಾರು ಕಿಲೋಮೀಟರ್ ದೂರ ಹೋಗಿ ಮೀನು ತಿಂದು ದ್ವೀಪಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಮಳೆ ಬಂದಾಗ ಆ ಸಾರಜನಕ, ರಂಜಕ ಎಲ್ಲ ತೊಳೆದು ಸುತ್ತಲಿನ ನೀರಿಗೆ ಇಳಿಯುತ್ತದೆ. ಪಾಚಿ ಬೆಳೆಯುತ್ತದೆ, ಪಾಚಿ ತಿನ್ನುವ ಮೀನು ಬೆಳೆಯುತ್ತದೆ, ಅದನ್ನು ತಿನ್ನುವ ದೊಡ್ಡ ಮೀನು ಬರುತ್ತದೆ.

ಇದು ಸುಮ್ನೆ ಊಹೆ ಅಲ್ಲ. ಲಕ್ಷದ್ವೀಪ, ಮಾಲ್ದೀವ್ಸ್ ದಾಟಿ ದಕ್ಷಿಣಕ್ಕೆ ಚಾಗೋಸ್ ದ್ವೀಪಗಳಿವೆ. ಅಲ್ಲಿ ಕೆಲವು ದ್ವೀಪಗಳಿಗೆ ಇಲಿ ಬಂದಿದೆ, ಕೆಲವಕ್ಕೆ ಬಂದಿಲ್ಲ. ಅದೇ ಸಮುದ್ರ, ಅದೇ ಹವೆ. ವಿಜ್ಞಾನಿಗಳು ಆರು ಇಲಿ ಇರುವ ದ್ವೀಪ, ಆರು ಇಲಿ ಇಲ್ಲದ ದ್ವೀಪ ಇಟ್ಟುಕೊಂಡು ಅಳೆದು 2018ರಲ್ಲಿ ಪ್ರಕಟಿಸಿದರು. ಇಲಿ ಇಲ್ಲದ ಕಡೆ ಹಕ್ಕಿಗಳು 760 ಪಟ್ಟು ದಟ್ಟವಾಗಿದ್ದವು. ಹಿಕ್ಕೆಯಿಂದ ನೆಲಕ್ಕೆ ಸೇರುವ ಸಾರಜನಕ 251 ಪಟ್ಟು. ಪಕ್ಕದ ಹವಳದ ದಿಬ್ಬದಲ್ಲಿ ಮೀನಿನ ಒಟ್ಟು ತೂಕ ನೂರಕ್ಕೆ 48ರಷ್ಟು ಜಾಸ್ತಿ. ದಡದ ಮೇಲಿನ ಇಲಿ ನೀರೊಳಗಿನ ಮೀನನ್ನು ಕಡಿಮೆ ಮಾಡುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ಅಳತೆ ಹಾಗೇ ಬಂದಿದೆ.

ಲಕ್ಷದ್ವೀಪದ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಟ್ಯೂನಾ ಹಿಡಿಯಲು ಹೊರಟಾಗ ಮೊದಲು ನೋಡುವುದು ಆಕಾಶವನ್ನೇ. ಕೆಳಗಿನಿಂದ ಟ್ಯೂನಾ ಸಣ್ಣ ಮೀನುಗಳನ್ನು ಮೇಲಕ್ಕೆ ಅಟ್ಟಿಸಿಕೊಂಡು ಬಂದಾಗ, ಮೇಲಿನಿಂದ ಈ ಟರ್ನ್, ನಾಡ್ಡಿಗಳು ಮುಗಿಬೀಳುತ್ತವೆ. ಹಕ್ಕಿ ಗುಂಪು ಕಂಡ ಕಡೆ ದೋಣಿ ತಿರುಗಿಸುತ್ತಾರೆ. ಹಕ್ಕಿ ಹೋದರೆ ಅವರಿಗೆ ಡೀಸೆಲ್ ಸುಟ್ಟು ಹುಡುಕುವ ಕೆಲಸ ಜಾಸ್ತಿಯಾಗುತ್ತದೆ.

ಇನ್ನು ನೇತ್ರಾಣಿ. ಮುರುಡೇಶ್ವರದಿಂದ ಕಡಲಿನ ಒಳಕ್ಕೆ ಸುಮಾರು 19 ಕಿಲೋಮೀಟರ್, ಕಡಿದಾದ ಬಂಡೆ, ಮೇಲೆ ಕಾಡು, ಕೆಳಗೆ ಹವಳ. ಅದು ಪಿಟ್ಟಿಯ ಹಾಗೆ ಮರಳು ದಿಬ್ಬ ಅಲ್ಲ. ಅಲ್ಲಿನ ದೊಡ್ಡ ಹೆಸರು ಬಿಳಿ ಹೊಟ್ಟೆಯ ಕಡಲ ಹದ್ದು. 1870ರ ದಶಕದಲ್ಲೇ, ಮುಂದೆ ಕಾಂಗ್ರೆಸ್ ಕಟ್ಟಿದವರಲ್ಲಿ ಒಬ್ಬರಾದ ಎ. ಒ. ಹ್ಯೂಮ್ ಈ ಕರಾವಳಿಯ ಹಕ್ಕಿಗಳ ಬಗ್ಗೆ ಬರೆಯುವಾಗ ಅಲ್ಲಿನ ಹದ್ದಿನ ಗೂಡುಗಳ ಬಗ್ಗೆಯೂ ಬರೆದಿದ್ದರು. ಈ ಹದ್ದು ಒಂದೇ ಗೂಡನ್ನು ವರ್ಷವರ್ಷ ರಿಪೇರಿ ಮಾಡಿಕೊಂಡು ಬಳಸುತ್ತದೆ. ಕಾವು ಕೂರುವ ಹೊತ್ತಿಗೆ ಜನ ಹತ್ತಿರ ಬಂದರೆ ಗೂಡನ್ನೇ ಬಿಟ್ಟುಹೋಗುವ ಸ್ವಭಾವ ಅದರದ್ದು. ನಮ್ಮಲ್ಲಿ ಅದು ಗೂಡು ಮಾಡುವುದು ಹೆಚ್ಚಾಗಿ ಅಕ್ಟೋಬರ್‌ನಿಂದ ಬೇಸಿಗೆ ಶುರುವಾಗುವ ತನಕ. ಸಮುದ್ರ ಶಾಂತವಾಗಿ ದೋಣಿಗಳು ನೇತ್ರಾಣಿಗೆ ಓಡಾಡುವುದೂ ಆಗಲೇ, ನೀವು ಹೋದ ಡಿಸೆಂಬರ್ ಸರಿಯಾಗಿ ನಡುಮಧ್ಯ. ನಿಮ್ಮನ್ನು ಇಳಿಸದೇ ಇದ್ದ ದೋಣಿಯವರ ಬಗ್ಗೆ ನನಗೆ ಗೌರವ ಇದೆ. ಇಳಿಸಿದರೆ ಅವರಿಗೇ ಇನ್ನೂ ನಾಲ್ಕು ಕಾಸು ಸಿಗುತ್ತಿತ್ತು.

ನೇತ್ರಾಣಿಯಲ್ಲಿ ಎಲ್ಲ ಚೆನ್ನಾಗಿದೆ ಎಂದು ಮಾತ್ರ ನಾನು ಹೇಳುವುದಿಲ್ಲ. ಮೀನುಗಾರರು ಹರಕೆಗೆ ಬಿಟ್ಟ ಆಡುಗಳು ಅಲ್ಲಿ ಕಾಡು ಆಡುಗಳಾಗಿ ಬೆಳೆದಿವೆ. ಅದರ ಹಿಂದೆ ಕಡಲಿಗೆ ಹೋಗುವವರ ಭಯ, ಭಕ್ತಿ ಇದೆ, ಅದನ್ನು ಹಗುರವಾಗಿ ಮಾತಾಡಲು ನನಗೆ ಮನಸ್ಸಿಲ್ಲ. ಆದರೆ ಅಷ್ಟು ಸಣ್ಣ ದ್ವೀಪದಲ್ಲಿ ಆಡು ಚಿಗುರೆಲ್ಲ ಮೇಯ್ದರೆ ನಾಳೆ ಹದ್ದು ಕೂರುವ ದೊಡ್ಡ ಮರ ಎಲ್ಲಿಂದ ಬರಬೇಕು? ಹರಕೆ ಸಲ್ಲಿಸುವ ಊರಿನವರ ಜೊತೆ ಕೂತು ಮಾತಾಡಿ ದಾರಿ ಹುಡುಕಬೇಕಾದ ವಿಷಯ ಇದು. ನೌಕಾಪಡೆ ಇದೇ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿಕೊಂಡದ್ದೂ ಇದೆ, ಅದಕ್ಕೆ ಮೀನುಗಾರರು, ಪರಿಸರದವರು ಒಟ್ಟಿಗೆ ವಿರೋಧ ಮಾಡಿದ್ದರು. ಹೊನ್ನಾವರದ ಹತ್ತಿರ ಅಪ್ಸರಕೊಂಡ-ಮುಗಳಿ ಕಡಲ ವನ್ಯಜೀವಿಧಾಮ ಆಗಿದೆ, ಸುಮಾರು 5,959 ಹೆಕ್ಟೇರ್, ನಮ್ಮ ರಾಜ್ಯದಲ್ಲಿ ಇಂಥದ್ದು ಮೊದಲನೆಯದು. ನಿಮ್ಮ ಶರಾವತಿ ಕಡಲು ಸೇರುವುದೂ ಹೊನ್ನಾವರದಲ್ಲೇ. ಆದರೆ ನೇತ್ರಾಣಿ ಅದರೊಳಗೆ ಬರುವುದಿಲ್ಲ. ಅದಕ್ಕೂ ಗಟ್ಟಿಯಾದ ಕಾನೂನಿನ ರಕ್ಷಣೆ ಸಿಗಬೇಕು ಎಂಬುದು ನನ್ನ ಅಭಿಪ್ರಾಯ, ದೋಣಿಯವರ ಒಳ್ಳೆಯತನದ ಮೇಲೆ ಮಾತ್ರ ಬಿಡಬಾರದು.

ಹಾಗಂತ ನೇತ್ರಾಣಿಗೆ ಹೋಗಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ದೋಣಿ ಹತ್ತುವ ಮೊದಲು ಒಂದು ಮಾತು ಕೇಳಿ, ಅಲ್ಲಿ ಲಂಗರು ಎಲ್ಲಿ ಹಾಕುತ್ತೀರಿ ಎಂದು. ಹವಳದ ಮೇಲೆ ಲಂಗರು ಬಿದ್ದು ಎಳೆದರೆ ಎಷ್ಟೋ ವರ್ಷ ಬೆಳೆದದ್ದು ಒಂದು ಗಳಿಗೆಯಲ್ಲಿ ಪುಡಿ. ತೇಲುಬುಡ್ಡೆಗೆ ಕಟ್ಟುತ್ತೇವೆ ಎಂದವರ ದೋಣಿಯನ್ನೇ ಹತ್ತಿ. ದುರ್ಬೀನು ಇದ್ದರೆ ಒಯ್ಯಿರಿ, ಹದ್ದು ದ್ವೀಪದ ಸುತ್ತ ಹಾರುವುದು ದೋಣಿಯಿಂದಲೇ ಚೆನ್ನಾಗಿ ಕಾಣುತ್ತದೆ. ತಿಂದ ಪೊಟ್ಟಣ, ಉಳಿದ ಊಟ ಯಾವುದನ್ನೂ ಅಲ್ಲಿ ಎಸೆಯಬೇಡಿ, ಅದಕ್ಕೆ ಕಾಗೆ ಬರುತ್ತದೆ, ಕಾಗೆ ಬಂದರೆ ಮೊಟ್ಟೆಗೂ ಬರುತ್ತದೆ. ದ್ವೀಪದ ಮೇಲೆ ನಡೆದಾಡಲೇಬೇಕು ಎಂಬ ಆಸೆ ಮಕ್ಕಳಿಗಿದ್ದರೆ ಮಲ್ಪೆಯಿಂದ ಸೇಂಟ್ ಮೇರೀಸ್‌ಗೆ ಹೋಗಿ. ಅಲ್ಲಿ ಇಳಿಯಲು ಬಿಡುತ್ತಾರೆ, ಲಾವಾರಸ ಕಂಬ ಕಂಬವಾಗಿ ಗಟ್ಟಿಯಾದ ಬಂಡೆಗಳಿವೆ, ಸುಮಾರು 8.8 ಕೋಟಿ ವರ್ಷ ಹಳೆಯವು. ಚಳಿಗಾಲದಲ್ಲಾದರೆ ಮಲ್ಪೆ ಬಂದರಿನಲ್ಲೇ ಕಡಲಹಕ್ಕಿಗಳ ದೊಡ್ಡ ಗುಂಪು ನೋಡಲು ಸಿಗುತ್ತದೆ.

ನೆಲದ ಮೇಲಿನ ಗೂಡು ನೋಡಬೇಕಾದರೆ ಬರುವ ಮಾರ್ಚ್ ಕೊನೆಗೆ ಲಕ್ಕವಳ್ಳಿ ಕಡೆ ಬನ್ನಿ. ಜಲಾಶಯದಲ್ಲಿ ದೋಣಿ ಸಫಾರಿ ಇದೆ, ಬೆಳಿಗ್ಗೆಯದ್ದು ಒಳ್ಳೆಯದು, ಬೆಳಕು ಹಿಂದಿನಿಂದ ಬೀಳುತ್ತದೆ, ಹಕ್ಕಿಗಳೂ ಚುರುಕಾಗಿರುತ್ತವೆ. ದಿಬ್ಬದ ಹತ್ತಿರ ಹೋದಾಗ ಹಕ್ಕಿಗಳು ಒಟ್ಟಿಗೆ ತಲೆ ಎತ್ತಿ ನಿಂತರೆ, ಒಂದೆರಡು ನಿಮ್ಮ ತಲೆಯ ಮೇಲೆ ಬಂದು ಕೂಗಿದರೆ, ತೀರಾ ಹತ್ತಿರ ಬಂದಿದ್ದೀರಿ ಎಂದು ಅರ್ಥ. ಚಾಲಕರಿಗೆ ಸ್ವಲ್ಪ ಹಿಂದಕ್ಕೆ ತೆಗೆಯಲು ಹೇಳಿ. ಹಿಂದೆ ಸರಿದು ಇಂಜಿನ್ ನಿಲ್ಲಿಸಿದರೆ ಅವು ತಾವಾಗಿಯೇ ಕೂರುತ್ತವೆ, ಆಮೇಲೆ ಎಷ್ಟು ಹೊತ್ತು ಬೇಕಾದರೂ ನೋಡಬಹುದು.